ಸೇರಿಗೆ ಶಕ್ತಿ ತುಂಬುವುದು ಹೇಗೆ: ನಿಗೂಢ ಧಾರಾವಾಹಿಗೆ ದಿನಬಳಕೆಯ ವಸ್ತುವೊಂದನ್ನು ಸಿದ್ಧಪಡಿಸುವ ಕ್ರಮ

ಅತಿಮಾನುಷ ಧಾರಾವಾಹಿಯೊಂದಕ್ಕೆ ಚಿತ್ರಕಥೆ ಬರೆಯಲು ಕುಳಿತವರ ಕೈ ಮೊದಲು ಹೋಗುವುದು ತಲೆಬುರುಡೆ, ತಾಳೆಗರಿ, ನಾಗಮಣಿಗಳ ಕಡೆಗೆ. ಕಥೆ ಚಿತ್ರದುರ್ಗದಲ್ಲಿ ನಡೆಯುವುದಾದರೆ ಆಸೆ ಇನ್ನೂ ಹೆಚ್ಚು. ಕೋಟೆಯ ಹಿಡಿಂಬೇಶ್ವರ ಗುಡಿಯಲ್ಲಿ ಹಿಡಿಂಬನ ಹಲ್ಲೆಂದು ತೋರಿಸುವ ವಸ್ತುವೇ ಕಣ್ಣೆದುರು ಇರುವಾಗ ಬೇರೆಯದನ್ನು ಏಕೆ ಹುಡುಕಬೇಕು ಎನ್ನಿಸುತ್ತದೆ. ಆದರೆ ನೋಡಿದೊಡನೆಯೇ ವಿಚಿತ್ರವೆನಿಸುವ ವಸ್ತುವಿನಿಂದ ನೋಡುಗರು ವಿಚಿತ್ರವನ್ನೇ ನಿರೀಕ್ಷಿಸುತ್ತಾರೆ, ನಿರೀಕ್ಷಿಸಿದ್ದು ನಡೆದಾಗ ಯಾರೂ ಬೆಚ್ಚುವುದಿಲ್ಲ. ಆದ್ದರಿಂದ ಗುಡಿ, ಗುಹೆಗಳನ್ನು ಬಿಟ್ಟು ಅಡುಗೆಮನೆಗೂ ಅಂಗಡಿಗೂ ಹೋಗುವುದೇ ಈ ಕೆಲಸದ ಮೊದಲ ಹೆಜ್ಜೆ.

ಈ ಬಗೆಯ ಕಥೆಗೆ ಒಳ್ಳೆಯ ಮಾದರಿಯೆಂದರೆ 2006ರ ಡಿಸೆಂಬರ್‌ನಲ್ಲಿ ಅಮೆರಿಕದ ಸೈ-ಫೈ ವಾಹಿನಿಯಲ್ಲಿ ಮೂರು ರಾತ್ರಿ ಪ್ರಸಾರವಾದ 'ದಿ ಲಾಸ್ಟ್ ರೂಮ್' ಎಂಬ ಕಿರುಧಾರಾವಾಹಿ. ನ್ಯೂ ಮೆಕ್ಸಿಕೊದ ಗ್ಯಾಲಪ್ ಬಳಿಯ ಮೋಟೆಲೊಂದರ ಹತ್ತನೆಯ ಕೋಣೆಯಲ್ಲಿ 1961ರ ಮೇ 4ರಂದು ಏನೋ ಸಂಭವಿಸಿ, ಅಲ್ಲಿದ್ದ ಸುಮಾರು ನೂರು ಸಾಮಾನ್ಯ ವಸ್ತುಗಳಿಗೆ ಒಂದೊಂದು ಶಕ್ತಿ ಬರುತ್ತದೆ. ಬಾಚಣಿಗೆ ಕೆಲವು ಕ್ಷಣ ಕಾಲವನ್ನು ನಿಲ್ಲಿಸುತ್ತದೆ, ಬಸ್ ಟಿಕೆಟ್ ತಾಗಿದವರನ್ನು ಗ್ಯಾಲಪ್ ಹೊರಗಿನ ರಸ್ತೆಗೆ ಎಸೆಯುತ್ತದೆ, ಕೈಗಡಿಯಾರವೊಂದಕ್ಕೆ ಮೊಟ್ಟೆ ಬೇಯಿಸುವುದಷ್ಟೇ ಗೊತ್ತು. ಮೊಟ್ಟೆ ಬೇಯಿಸುವ ಆ ಗಡಿಯಾರವನ್ನು ನೋಡಿ ನಕ್ಕವರೂ ಬಾಚಣಿಗೆಯನ್ನು ನಂಬಿಬಿಡುತ್ತಾರೆ. ನಿಷ್ಪ್ರಯೋಜಕವಾದ ಶಕ್ತಿಯೊಂದು ಪಕ್ಕದಲ್ಲಿದ್ದರೆ ಪ್ರಯೋಜನವುಳ್ಳ ಶಕ್ತಿಗೆ ನಿಜದ ಬಣ್ಣ ಬರುತ್ತದೆ. ಆ ಕೋಣೆಯ ಬೀಗದ ಕೈ, ಪಿನ್ ಟಂಬ್ಲರ್ ಬೀಗವಿರುವ (ಅಂದರೆ ಒಳಗಿನ ಸಣ್ಣ ಪಿನ್ನುಗಳನ್ನು ಕೀಲಿ ಎತ್ತಿದಾಗ ತೆರೆಯುವ ಬೀಗವಿರುವ) ಯಾವ ಬಾಗಿಲನ್ನಾದರೂ ಹತ್ತನೆಯ ಕೋಣೆಗೆ ತೆರೆಯುತ್ತದೆ. ಅದನ್ನು ಹಾಗೆಯೇ ಎತ್ತಿ ತಂದರೆ ನಮ್ಮ ಹಳ್ಳಿಯ ಹಳೆಯ ಮನೆಗಳಲ್ಲಿ ಕಥೆ ಹೊಸ್ತಿಲಲ್ಲೇ ನಿಂತುಬಿಡುತ್ತದೆ, ಏಕೆಂದರೆ ಅಲ್ಲಿರುವುದು ಚಿಲಕ ಮತ್ತು ಅಗುಳಿ. ವಸ್ತುವನ್ನು ಎರವಲು ತರಬಾರದು ಎಂದು ನಾನು ಹೇಳುವುದು ಈ ಕಾರಣಕ್ಕೆ.

ವಸ್ತುವನ್ನು ಆರಿಸುವಾಗ ಅದು ಏನು ಎಂಬುದಕ್ಕಿಂತ ಅದನ್ನು ಬಳಸುವಾಗ ಜನ ಏನು ಮಾಡುತ್ತಾರೆ, ಏನು ಹೇಳುತ್ತಾರೆ, ಏನನ್ನು ಮಾಡಬಾರದೆನ್ನುತ್ತಾರೆ ಎಂಬುದನ್ನು ಬರೆದಿಟ್ಟುಕೊಳ್ಳಿ. ನಮ್ಮ ಮನೆಗಳಲ್ಲಿ ಈ ಪಟ್ಟಿ ಮೊದಲೇ ಸಿದ್ಧವಾಗಿದೆ: ಬರಿ ಕತ್ತರಿ ಆಡಿಸಿದರೆ ಜಗಳ, ದೀಪ ಹಚ್ಚಿದ ಮೇಲೆ ಕಸ ಗುಡಿಸಿದರೆ ಲಕ್ಷ್ಮಿ ಹೊರಗೆ, ಉಪ್ಪನ್ನು ಕೈಯಿಂದ ಕೈಗೆ ಕೊಡಬಾರದು, ಹೊಸ್ತಿಲ ಮೇಲೆ ಕೂರಬಾರದು. ಅಜ್ಜಿಯರು ಕಾರಣ ಹೇಳದೆ ಬಿಟ್ಟುಹೋದ ಈ ನಿಷೇಧಗಳೇ ನಿಮ್ಮ ವಸ್ತುವಿನ ನಿಯಮಗಳು. ಕಾರಣವನ್ನು ಮಾತ್ರ ನೀವು ಕಟ್ಟಬೇಕು.

ಇಲ್ಲಿ ದಾವಣಗೆರೆಯ ಮಂಡಕ್ಕಿ ಅಂಗಡಿಯ ಸೇರನ್ನು ಉದಾಹರಣೆಯಾಗಿ ತೆಗೆದುಕೊಳ್ಳುತ್ತೇನೆ. ಹಳೆಯ ವ್ಯಾಪಾರಿಗಳು ಅಳೆಯುವಾಗ ಮೊದಲ ಸೇರಿಗೆ 'ಒಂದು' ಎನ್ನುವುದಿಲ್ಲ, 'ಲಾಭ' ಎನ್ನುತ್ತಾರೆ, ಆಮೇಲೆ 'ಎರಡು', 'ಮೂರು' ಎಂದು ಎಣಿಕೆ ಮುಂದುವರಿಯುತ್ತದೆ. ಶುಭವಾಗಲೆಂದು ಹೇಳುವ ಆ ಒಂದು ಮಾತಿನಿಂದ ಮೊದಲ ಸೇರು ಲೆಕ್ಕಕ್ಕೆ ಸೇರಿಯೂ ಸಂಖ್ಯೆ ಇಲ್ಲದೆ ಉಳಿದುಬಿಡುತ್ತದೆ. ಹೆಸರಿಲ್ಲದ ಈ ಸಂಖ್ಯೆಯ ಸಂದಿಯಲ್ಲೇ ಶಕ್ತಿಯನ್ನು ಇಡಬೇಕು.

ಶಕ್ತಿಯನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ಎರಡನೆಯ ವಾಕ್ಯ ಬೇಕಾಯಿತೆಂದರೆ ಶಕ್ತಿ ದೊಡ್ಡದಾಯಿತೆಂದೇ ಅರ್ಥ. ಈ ಸೇರಿನಿಂದ 'ಲಾಭ' ಎಂದು ಅಳೆದು ಕೊಟ್ಟ ಮಂಡಕ್ಕಿಯನ್ನು ಕೈಯೊಡ್ಡಿ ಪಡೆದವರು ಹಿಂದಿನ ಕಾಲು ಗಂಟೆಯನ್ನು ಮರೆಯುತ್ತಾರೆ, ಅಷ್ಟೇ. ನಾನು ಬರೆದ ಮೊದಲ ಚಿತ್ರಕಥೆಯಲ್ಲಿ ಒಂದು ಕನ್ನಡಿ ಇತ್ತು. ಮೂರನೆಯ ಕಂತಿನ ಹೊತ್ತಿಗೆ ಅದು ಭವಿಷ್ಯ ಹೇಳುತ್ತಿತ್ತು, ರೋಗ ವಾಸಿ ಮಾಡುತ್ತಿತ್ತು, ಕಳ್ಳನನ್ನೂ ತೋರಿಸುತ್ತಿತ್ತು, ಪತ್ತೇದಾರನಿಗೆ ಕಾಫಿ ಕುಡಿಯುವುದನ್ನು ಬಿಟ್ಟು ಕೆಲಸವೇ ಉಳಿದಿರಲಿಲ್ಲ.

ಶಕ್ತಿಗಿಂತ ಹೆಚ್ಚು ಸಮಯ ಕೊಡಬೇಕಾದದ್ದು ಅದರ ಮಿತಿಗೆ, ಏಕೆಂದರೆ ಸುಳಿವುಗಳೆಲ್ಲ ಹುಟ್ಟುವುದು ಮಿತಿಯಿಂದ. ಸೇರನ್ನು ಗೋಪುರವಾಗಿ ತುಂಬಿದರೆ ಏನೂ ಆಗದು, ಅಂಚಿಗೆ ಸಮನಾಗಿ ಕೈಯಿಂದ ಸವರಿದಾಗ ಮಾತ್ರ ಶಕ್ತಿ ನಡೆಯುತ್ತದೆ ಎಂದು ನಿಯಮ ಮಾಡಿದರೆ, ಕೈ ಬಿಗಿಯಿರುವ ವ್ಯಾಪಾರಿಯ ಗಿರಾಕಿಗಳು ಮರೆಯುತ್ತಾರೆ, ಧಾರಾಳಿಯ ಗಿರಾಕಿಗಳು ಮರೆಯುವುದಿಲ್ಲ. ಪಾತ್ರದ ಸ್ವಭಾವವೇ ಸಾಕ್ಷ್ಯವಾಗುತ್ತದೆ. 'ಒಂದು' ಎಂದು ಎಣಿಸಿದರೆ ಶಕ್ತಿ ಇಲ್ಲ ಎಂದರೆ, ಹೊಸ ಕಾಲದ ಹುಡುಗ ಅಂಗಡಿಯಲ್ಲಿ ಕುಳಿತಿದ್ದ ವರ್ಷಗಳಲ್ಲಿ ಏನೂ ನಡೆಯದೆ, ಅಜ್ಜ ಮತ್ತೆ ಗಲ್ಲೆಗೆ ಬಂದ ದಿನದಿಂದ ಊರು ಮರೆಯತೊಡಗಿದ್ದಕ್ಕೆ ಕಾರಣ ಸಿಗುತ್ತದೆ. ಇನ್ನು ಅಂಗಡಿಯ ಎದುರು ಹಾಡಹಗಲೇ ಕಳವು ನಡೆದು, ಕಂಡವರೆಲ್ಲ ಏನೂ ಕಾಣಲಿಲ್ಲವೆಂದು ಪ್ರಾಮಾಣಿಕವಾಗಿ ಹೇಳುತ್ತಿದ್ದರೆ, ಅವರೆಲ್ಲರ ಮನೆಯಲ್ಲೂ ಇರುವ ಮಂಡಕ್ಕಿ ಪೊಟ್ಟಣವನ್ನು ಯಾರು ತಾನೇ ಸುಳಿವೆಂದುಕೊಳ್ಳುತ್ತಾರೆ? ದಾವಣಗೆರೆಯಲ್ಲಿ ಮಂಡಕ್ಕಿ ಇಲ್ಲದ ಮನೆ ಯಾವುದಿದೆ?

ಬಳಸಿದವನು ಬೆಲೆ ತೆರಬೇಕು, ಮತ್ತು ಆ ಬೆಲೆ ವಸ್ತುವಿನ ಜಾತಿಯದೇ ಆಗಿರಬೇಕು. ರಕ್ತ ಕಾರುವುದು, ಕೂದಲು ಬೆಳ್ಳಗಾಗುವುದು ಯಾವ ವಸ್ತುವಿಗಾದರೂ ಅಂಟಿಸಬಹುದಾದ ಚೀಟಿಗಳು. ಸೇರಿನ ಬೆಲೆ ಎಣಿಕೆಯಲ್ಲಿರಲಿ: ಒಬ್ಬೊಬ್ಬ ಗಿರಾಕಿ ಮರೆತಾಗಲೂ ಅಳೆದವನ ತಲೆಯಿಂದ ಒಂದು ಸಂಖ್ಯೆ ಅಳಿಸಿಹೋಗುತ್ತದೆ. ಅಜ್ಜ ಮೊದಲು ಏಳನ್ನು ಕಳೆದುಕೊಳ್ಳುತ್ತಾನೆ, ಮೊಮ್ಮಗಳಿಗೆ ಏಳು ತುಂಬಿದ ದಿನ ಅವಳ ವಯಸ್ಸೆಷ್ಟೆಂದು ಹೇಳಲಾಗದೆ ನಗುತ್ತಾನೆ. ವಯಸ್ಸಾಯಿತೆಂದು ಮನೆಯವರು ಸುಮ್ಮನಾಗುತ್ತಾರೆ. ನೋಡುಗರು ಆ ನಗುವನ್ನು ನೆನಪಿಟ್ಟುಕೊಂಡರೆ ಸಾಕು, ವಿವರಣೆಯನ್ನು ಎರಡು ಕಂತು ತಡಮಾಡಬಹುದು.

ಮೂಲಸ್ಥಳದ ವಿಷಯದಲ್ಲಿ ಅಮೆರಿಕದ ಧಾರಾವಾಹಿಯಿಂದ ಕಲಿಯಬೇಕಾದ ಒಂದು ಸೂಕ್ಷ್ಮವಿದೆ: ಅಲ್ಲಿನ ವಸ್ತುಗಳನ್ನು ಹೊರಗೆ ಯಾರೂ ನಾಶಮಾಡಲಾರರು, ಆದರೆ ಹತ್ತನೆಯ ಕೋಣೆಯೊಳಗೆ ಅವು ಶಕ್ತಿಯಿಲ್ಲದ ಬರಿಯ ವಸ್ತುಗಳು. ನಮ್ಮ ಸೇರಿನ ಮೂಲ ಒಂದು ಮಂಡಕ್ಕಿ ಭಟ್ಟಿ ಎಂದುಕೊಳ್ಳೋಣ. ಕಾದ ಮರಳಿನಲ್ಲಿ ಅಕ್ಕಿ ಅರಳಿ, ಜರಡಿಯಲ್ಲಿ ಮರಳು ಕೆಳಗಿಳಿದು ಮಂಡಕ್ಕಿ ಮೇಲುಳಿಯುವ ಆ ಹೊಗೆಯ ಮನೆಯಲ್ಲಿ ಸೇರು, ಜರಡಿ, ಗೋಣಿಚೀಲ ಹೊಲಿಯುವ ದಬ್ಬಣ, ಗೋಡೆಯ ಕ್ಯಾಲೆಂಡರ್ ಎಲ್ಲವೂ ಇದ್ದವು. ಭಟ್ಟಿ ಮುಚ್ಚಿದ ದಿನ ಸಾಮಾನುಗಳು ಒಂದೊಂದು ಮನೆಗೆ ಹಂಚಿಹೋದವು. ಭಟ್ಟಿಯೊಳಗೆ ಯಾವುದಕ್ಕೂ ಶಕ್ತಿಯಿಲ್ಲವಾದ್ದರಿಂದ ಅಲ್ಲಿ ಜೀವಮಾನವಿಡೀ ದುಡಿದವರಿಗೇ ಈ ಸಂಗತಿ ಗೊತ್ತಿಲ್ಲ. ದಬ್ಬಣಕ್ಕೂ ಜರಡಿಗೂ ಏನು ಶಕ್ತಿ ಎಂದು ನೀವು ತೀರ್ಮಾನಿಸಿ, ಆದರೆ ಒಂದಾದರೂ ಆ ಮೊಟ್ಟೆಯ ಗಡಿಯಾರದಂತೆ ಯಾರ ಉಪಯೋಗಕ್ಕೂ ಬಾರದ್ದಾಗಿರಲಿ.

ಪತ್ತೇದಾರ ಪೊಲೀಸನೇ ಆಗಬೇಕೆಂದಿಲ್ಲ. 1956ರ ಪ್ರಮಾಣಿತ ತೂಕ ಮತ್ತು ಅಳತೆಗಳ ಕಾಯ್ದೆಯೊಂದಿಗೆ ಮೆಟ್ರಿಕ್ ಪದ್ಧತಿ ಬಂದು ಸೇರು, ಪಾವು ವ್ಯವಹಾರದಲ್ಲಿ ಅನಧಿಕೃತವಾದವು, ಆದರೂ ಮಾತಿನಲ್ಲಿ ಉಳಿದವು. ಆದ್ದರಿಂದ ಮುದ್ರೆಯಿಲ್ಲದ ಅಳತೆಯ ಪಾತ್ರೆಯನ್ನು ವಶಪಡಿಸಿಕೊಳ್ಳುವ ಅಧಿಕಾರವುಳ್ಳ ಕಾನೂನು ಮಾಪನ ಇಲಾಖೆಯ ನಿರೀಕ್ಷಕಿಯೊಬ್ಬಳು ಈ ಕಥೆಗೆ ಎಲ್ಲ ರೀತಿಯಿಂದಲೂ ಹೊಂದುತ್ತಾಳೆ. ಅವಳಿಗೆ ಭೂತಪ್ರೇತದಲ್ಲಿ ಆಸಕ್ತಿಯಿಲ್ಲ, ಸೇರಿನಲ್ಲಿ ಎಷ್ಟು ಹಿಡಿಯುತ್ತದೆ ಎಂಬುದರಲ್ಲಿ ಮಾತ್ರ ಆಸಕ್ತಿ. ಅಳೆದು ನೋಡಿದಾಗ ಅಳತೆ ಸರಿಯಾಗಿಯೇ ಇದೆ, ಆದರೆ ಹೊರಡುವಾಗ ಅಜ್ಜ 'ಲಾಭ' ಎಂದು ಅಳೆದು ಕೊಟ್ಟ ಮಂಡಕ್ಕಿಗೆ ಕೈಯೊಡ್ಡಿದ್ದರಿಂದ, ತಾನು ಅಳೆದದ್ದು ಅವಳ ದಾಖಲೆ ಪುಸ್ತಕದಲ್ಲಿದೆಯೇ ಹೊರತು ನೆನಪಿನಲ್ಲಿಲ್ಲ.

ಒಂದು ವಸ್ತುವನ್ನು ಮಾತ್ರ ಮುಟ್ಟಬೇಡಿ. ಚಿತ್ರದುರ್ಗವೆಂದೊಡನೆ ಓಬವ್ವನ ಒನಕೆಗೆ ಮಂತ್ರಶಕ್ತಿ ಕೊಡುವ ಆಸೆ ಬರುತ್ತದೆ. ಹೈದರಾಲಿಯ ಸೈನಿಕರು ಕಿಂಡಿಯಲ್ಲಿ ತೂರಿಬರುವಾಗ ಆಕೆಯ ಕೈಗೆ ಸಿಕ್ಕಿದ್ದು ಭತ್ತ ಕುಟ್ಟುವ ಮರದ ಒನಕೆ, ಅದರಲ್ಲಿ ಏನೂ ಇರಲಿಲ್ಲವೆಂಬುದರಿಂದಲೇ ಆ ಕಥೆ ಇಂದಿಗೂ ನಡೆಯುತ್ತಿದೆ. ಒನಕೆಗೆ ನೀವು ಕೊಟ್ಟಷ್ಟೂ ಓಬವ್ವನಿಂದ ಕಿತ್ತುಕೊಂಡಂತಾಗುತ್ತದೆ. ಹಾಗೆಯೇ ಬಲಿ, ಮಾಟದ ದೃಶ್ಯಗಳ ಆಸರೆಯೂ ಬೇಡ. ವಾಮಾಚಾರದ ವಿರುದ್ಧ ರಾಜ್ಯದಲ್ಲಿ 2020ರಿಂದ ಜಾರಿಯಲ್ಲಿರುವ ಕಾಯ್ದೆ ಒಂದು ಕಡೆಗಿರಲಿ, ಕುಂಕುಮ ಬಳಿದ ಸೇರು ಸೇರಾಗಿ ಉಳಿಯುವುದಿಲ್ಲ.

ಚಿತ್ರೀಕರಣದಲ್ಲಿ ಸೇರನ್ನು ಹೊಳೆಯುವಂತೆ ಉಜ್ಜಬೇಡಿ, ಬಳಸಿ ನುಣುಪಾದ ಅಂಚು ಕಾಣಲಿ. ಶಕ್ತಿ ತೋರಿಸುವ ಮೊದಲು ಕನಿಷ್ಠ ಎರಡು ದೃಶ್ಯಗಳಲ್ಲಿ ಅದು ತನ್ನ ದಿನದ ಕೆಲಸ ಮಾಡುತ್ತಿರಬೇಕು, ಕ್ಯಾಮೆರಾ ಅದರ ಕಡೆಗೆ ಹೋಗದೆ ಮಂಡಕ್ಕಿ-ಮೆಣಸಿನಕಾಯಿ ತಿನ್ನುತ್ತಿರುವವರ ಮಾತಿನ ಮೇಲಿರಬೇಕು. ಮರೆವು ಬಂದ ಕ್ಷಣದಲ್ಲಿ ಗುಡುಗು ಮತ್ತು ಮೂರು ಸಲ ಮುಖದ ಹತ್ತಿರಕ್ಕೆ ನುಗ್ಗುವ ಕ್ಯಾಮೆರಾ ಎರಡನ್ನೂ ಬಿಡಿ. ಗಿರಾಕಿ ಚೀಲ ಹಿಡಿದು ಅರೆಕ್ಷಣ ನಿಂತು, ತಾನು ಅಂಗಡಿಗೆ ಬಂದದ್ದೇಕೆಂದು ಯೋಚಿಸಿ, ಕೈಯಲ್ಲಿದ್ದ ಮಂಡಕ್ಕಿಯನ್ನೇ ಉತ್ತರವೆಂದು ಒಪ್ಪಿಕೊಂಡು ಹೊರಟರೆ ಸಾಕು. ಮೊದಲ ಕಂತಿನಲ್ಲಿ ಸಂತೆಯ ಗದ್ದಲದ ನಡುವೆ ಎಲ್ಲೋ ಹಿಂದಿನಿಂದ 'ಲಾಭ' ಎಂಬ ದನಿ ಒಮ್ಮೆ ಕೇಳಿಸುವಂತೆ ಧ್ವನಿಮುದ್ರಣದವರಿಗೆ ಮೊದಲೇ ಹೇಳಿಡಿ.