ಈ ಪುಟ ಯಾರದು?

2019ರ ಜೂನ್. ಅಡ್ಮಿಷನ್ ಜೋರಾಗಿ ನಡೆಯುತ್ತಿತ್ತು. ಆಫೀಸಿನಿಂದ ಫೋನ್ ಬಂತು. "ಸರ್, ಸ್ವಲ್ಪ ಕೆಳಗೆ ಬನ್ನಿ. ಇಲ್ಲೊಬ್ಬರು ನಮ್ಮ ವೆಬ್‌ಸೈಟನ್ನೇ ಕೈಯಲ್ಲಿ ಹಿಡ್ಕೊಂಡು ಬಂದಿದ್ದಾರೆ."

ಹೋಗಿ ನೋಡಿದೆ. ಹಿರೇಕೆರೂರು ಕಡೆಯ ಹಿರಿಯರು, ಪಕ್ಕದಲ್ಲಿ ಮಗಳು. ಕೈಯಲ್ಲಿ ಸೈಬರ್ ಸೆಂಟರಿನಲ್ಲಿ ತೆಗೆಸಿದ ಪ್ರಿಂಟ್. "ನೋಡ್ರಿ, ಇದರಾಗ ಒಂದು ಲಕ್ಷ ತೊಂಬತ್ತು ಸಾವಿರ ಅಂತ ಐತಿ. ಇಲ್ಲಿ ಮೇಡಂ ಎರಡೂವರೆ ಅಂತಾರ. ಯಾವ್ದು ಖರೆ?"

ಪ್ರಿಂಟ್ ನಮ್ಮದೇ. ಮೇಲೆ ಲೋಗೋ, ಕೆಳಗೆ ಡೈರೆಕ್ಟರ್ ಸಹಿ, ಸೀಲು. ವರ್ಷ ಮಾತ್ರ 2016-17. ಆ ಪಿಡಿಎಫ್‌ಗೆ ಇದ್ದ ಲಿಂಕನ್ನು ನಾನೇ ಎರಡು ವರ್ಷದ ಹಿಂದೆ ತೆಗೆದಿದ್ದೆ. ಕೆಲಸ ಮುಗಿಯಿತು ಅಂದುಕೊಂಡಿದ್ದೆ. ಆದರೆ ಲಿಂಕ್ ತೆಗೆದರೆ ಫೈಲು ಹೋಗುವುದಿಲ್ಲ. ಅದು ಸರ್ವರ್‌ನಲ್ಲೇ ಕೂತಿತ್ತು, ಗೂಗಲ್‌ಗೆ ಅದರ ದಾರಿ ಗೊತ್ತಿತ್ತು. ಕಾಲೇಜಿನ ಹೆಸರು ಹಾಕಿ ಮುಂದೆ 'ಫೀಸ್' ಅಂತ ಹೊಡೆದರೆ ಮೊದಲು ಬರುತ್ತಿದ್ದುದೇ ಅದು. ಅವರಿಗೆ ಏನು ಹೇಳಲಿ? ಕ್ಷಮಿಸಿ ಅಂದೆ. ಮಗಳು ಬೇರೆ ಕಡೆ ಸೇರಿದಳು ಅಂತ ಆಮೇಲೆ ಗೊತ್ತಾಯಿತು.

ನಾನು ಬೆಂಗಳೂರಿನ ಒಂದು ಎಂಬಿಎ ಕಾಲೇಜಿನಲ್ಲಿ ಕೆಲಸ ಮಾಡುತ್ತೇನೆ. ಕಾಗದದ ಮೇಲೆ ಸಿಸ್ಟಮ್ ಅಡ್ಮಿನ್. ಪ್ರೊಜೆಕ್ಟರ್ ಆನ್ ಆಗದಿದ್ದರೂ ನನಗೇ ಫೋನ್, ವೆಬ್‌ಸೈಟ್ ತೆರೆಯದಿದ್ದರೂ ನನಗೇ. ಆ ದಿನದವರೆಗೆ ವೆಬ್‌ಸೈಟ್ ಅಂದರೆ ಯಾರೋ ಕಳಿಸಿದ್ದನ್ನು ಏರಿಸುವ ಕೆಲಸ ಅಷ್ಟೇ ಆಗಿತ್ತು. ಏರಿಸಿದ್ದನ್ನು ಇಳಿಸುವವರು ಯಾರು ಅಂತ ನಾನೂ ಕೇಳಿರಲಿಲ್ಲ, ಬೇರೆಯವರೂ ಕೇಳಿರಲಿಲ್ಲ.

ಮೊದಲು ಮಾಡಿದ್ದು ಲೆಕ್ಕ. ನಮ್ಮ ಹೆಸರಿನಲ್ಲಿ ಎಷ್ಟು ಸೈಟ್‌ಗಳಿವೆ? ನನಗೆ ಗೊತ್ತಿದ್ದದ್ದು ನಾಲ್ಕು: ಮುಖ್ಯ ಸೈಟ್, ಹಳೆ ವಿದ್ಯಾರ್ಥಿಗಳದ್ದು, ಲೈಬ್ರರಿಯ ಪುಸ್ತಕಗಳ ಪಟ್ಟಿ ಇರುವ ಕೋಹಾ, ಪಾಠಗಳನ್ನು ಹಾಕುವ ಮೂಡಲ್. ಹುಡುಕುತ್ತಾ ಹೋದರೆ ಹನ್ನೊಂದು ಸಿಕ್ಕವು. ಪ್ರತಿ ವರ್ಷ ನಡೆಯುವ ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ಒಂದೊಂದು ವರ್ಷ ಒಂದೊಂದು ಸೈಟ್. ಯಾವುದೋ ಜಾಹೀರಾತಿಗೆ ಅಂತ ಹೊರಗಿನ ಏಜೆನ್ಸಿ ಕಟ್ಟಿಕೊಟ್ಟ ಅಡ್ಮಿಷನ್ ಸೈಟ್ ಒಂದು. ಅದರ ಫಾರಂ ತುಂಬಿದವರ ವಿವರ ಹೋಗುತ್ತಿದ್ದ ಮೇಲ್ ಐಡಿಯ ಪಾಸ್‌ವರ್ಡ್ ನಮ್ಮಲ್ಲಿ ಯಾರ ಹತ್ತಿರವೂ ಇರಲಿಲ್ಲ! ಮನೆಯವರೇ ಇಲ್ಲದ ಮನೆಯ ಬಾಗಿಲಿಗೆ ದಿನಾ ಟಪಾಲು ಹಾಕಿದ ಹಾಗೆ.

ಡೊಮೈನ್, ಅಂದರೆ ಸೈಟಿನ ವಿಳಾಸದ ಹೆಸರು, ಅದರ ವಿಷಯದಲ್ಲೂ ಇದೇ ಕಥೆ. ನಮ್ಮದು ಎಡು ಡಾಟ್ ಇನ್. ಇದನ್ನು, ಹಾಗೆಯೇ ಎಸಿ ಡಾಟ್ ಇನ್ ಅನ್ನು ಕೊಡುವುದು ಸರ್ಕಾರದ ಸಂಸ್ಥೆ ಅರ್ನೆಟ್ ಇಂಡಿಯಾ. ಸಂಸ್ಥೆಯ ಕಾಗದ ಪತ್ರ ಕೊಟ್ಟು ಪಡೆಯಬೇಕು. ಅಂಗಡಿಯಲ್ಲಿ ಕೊಂಡಂತೆ ಅಲ್ಲ. ನವೀಕರಣದ ನೆನಪೋಲೆ ಹೋಗುತ್ತಿದ್ದದ್ದು ರಿಟೈರ್ ಆಗಿ ಮೂರು ವರ್ಷವಾಗಿದ್ದ ರಿಜಿಸ್ಟ್ರಾರ್ ಅವರ ಮೇಲ್‌ಗೆ. ಪುಣ್ಯಕ್ಕೆ ಅವಧಿ ಇನ್ನೂ ಬಾಕಿ ಇತ್ತು. ಈಗ ಅದು ಹುದ್ದೆಯ ಹೆಸರಿನ ಮೇಲ್‌ಗೆ ಬರುತ್ತದೆ, ಮೂರು ಜನ ನೋಡುತ್ತಾರೆ.

ಆಮೇಲೆ ಒಂದು ಎಕ್ಸೆಲ್ ಶೀಟ್ ತೆರೆದೆ. ಪುಟದ ವಿಳಾಸ, ಕೊನೆಗೆ ಬದಲಾದ ದಿನ, ಮೂರನೆಯ ಕಾಲಂ 'ಯಾರದು?' ಸಾವಿರದ ಮುನ್ನೂರು ಚಿಲ್ಲರೆ ಸಾಲು. ಮೊದಲೆರಡು ಕಾಲಂ ತುಂಬಲು ಒಂದು ವಾರ ಸಾಕಾಯಿತು. ಮೂರನೆಯದಕ್ಕೆ ಏಳು ತಿಂಗಳು ಹಿಡಿಯಿತು. ಹಾಸ್ಟೆಲ್ ಪುಟ ವಾರ್ಡನ್ ಅವರದೋ, ಆಫೀಸಿನದೋ? ಪ್ಲೇಸ್‌ಮೆಂಟ್ ಅಂಕಿ ಯಾರು ಕೊಡಬೇಕು? ಮೀಟಿಂಗ್‌ನಲ್ಲಿ ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. "ವೆಬ್‌ಸೈಟ್ ನಿಮ್ಮದಲ್ವಾ?" ಅಲ್ಲ ಸರ್. ಗೋಡೆ ನನ್ನದು, ಅದರ ಮೇಲೆ ಬರೆದಿರುವ ಮಾತು ನಿಮ್ಮದು. ಈ ಒಂದು ಮಾತನ್ನು ಎಷ್ಟು ಸಲ ಹೇಳಿದೆನೋ ಲೆಕ್ಕವಿಲ್ಲ. ಕೊನೆಗೆ ಡೈರೆಕ್ಟರ್ ಸಹಿ ಮಾಡಿದ ಸುತ್ತೋಲೆ ಬಂತು: ಹೆಸರಿಲ್ಲದ ಪುಟ ಸೈಟಿನಲ್ಲಿ ಇರುವುದಿಲ್ಲ. ನಾಲ್ಕು ನೂರಕ್ಕಿಂತ ಜಾಸ್ತಿ ಪುಟ ತೆಗೆದೆವು. ಒಂದಕ್ಕೂ ಯಾರೂ ಹುಡುಕಿಕೊಂಡು ಬರಲಿಲ್ಲ.

ಫೀಸನ್ನು ಪಿಡಿಎಫ್‌ನಲ್ಲಿ ಹಾಕುವುದನ್ನೇ ಬಿಟ್ಟೆವು. ಈಗ ಅದು ಮಾಮೂಲಿ ಪುಟ, ವಿಳಾಸ ಪ್ರತಿ ವರ್ಷ ಒಂದೇ, ಒಳಗಿನ ಅಂಕಿ ಮಾತ್ರ ಬದಲಾಗುತ್ತದೆ. ಹಳೆಯದು ಉಳಿಯಲು ಜಾಗವೇ ಇಲ್ಲ.

ಮುಖಪುಟದ ಜಗಳ ಬೇರೆಯೇ. ಒಂಬತ್ತು ಸ್ಲೈಡ್ ತಿರುಗುತ್ತಿದ್ದವು. ಫೆಸ್ಟ್, ಒಪ್ಪಂದ (ಎಂಒಯು), ಯೋಗ ದಿನ, ಗೆಸ್ಟ್ ಲೆಕ್ಚರ್. ಪ್ರತಿ ವಿಭಾಗಕ್ಕೂ ತನ್ನದು ಮೊದಲು ಬರಬೇಕು. ವಾದ ಮಾಡಿ ಗೆಲ್ಲಲು ಆಗಲಿಲ್ಲ, ಅಂಕಿ ಇಟ್ಟು ಗೆದ್ದೆ. ಬರುವವರಲ್ಲಿ ಬಹುಪಾಲು ಮೊಬೈಲ್‌ನವರು. ಅವರು ಒತ್ತುತ್ತಿದ್ದದ್ದು ಫೀಸು, ಪ್ಲೇಸ್‌ಮೆಂಟ್, ಹಾಸ್ಟೆಲ್, ಫೋನ್ ನಂಬರ್, ಇಷ್ಟೇ. ಮೂರನೇ ಸ್ಲೈಡ್ ಆದಮೇಲೆ ಒತ್ತಿದವರು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಈಗ ಒಂದೇ ಚಿತ್ರ ಇದೆ.

ಪ್ಲೇಸ್‌ಮೆಂಟ್ ಪುಟದ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಖಾರವಾಗಿದೆ. ಒಬ್ಬರಿಗೆ ಬಂದ ದೊಡ್ಡ ಸಂಬಳವನ್ನು ದೊಡ್ಡ ಅಕ್ಷರದಲ್ಲಿ ಹಾಕುವುದು ಎಲ್ಲ ಕಡೆ ಇರುವ ಚಟ. ಆದರೆ ಕೇಂದ್ರ ಸರ್ಕಾರದ ಎನ್‌ಐಆರ್‌ಎಫ್ ರ‍್ಯಾಂಕಿಂಗ್‌ಗೆ ಹೋಗುವ ಕಾಲೇಜು ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ಮಧ್ಯದ ಸಂಬಳ (ಅರ್ಧ ಜನಕ್ಕೆ ಅದಕ್ಕಿಂತ ಜಾಸ್ತಿ, ಅರ್ಧ ಜನಕ್ಕೆ ಕಡಿಮೆ) ಎಷ್ಟು ಅಂತ ಕೊಡಲೇಬೇಕು. ಆ ದಾಖಲೆಯನ್ನು ತನ್ನ ಸೈಟಿನಲ್ಲೂ ಇಡಬೇಕು. ಹಾಗಾಗಿ ಒಂದೇ ಸೈಟಿನ ಮುಖಪುಟದಲ್ಲಿ ಒಂದು ಮಾತು, ಮೂಲೆಯ ಪಿಡಿಎಫ್‌ನಲ್ಲಿ ಇನ್ನೊಂದು. ಜಾಣ ಅಪ್ಪ ಅಮ್ಮ ಎರಡನ್ನೂ ತೆರೆದು ನೋಡುತ್ತಾರೆ. ನಾವು ಮಧ್ಯದ ಸಂಬಳವನ್ನೇ ಪುಟದ ಮೇಲ್ಗಡೆ ಹಾಕಿದೆವು. ಮಾರ್ಕೆಟಿಂಗ್‌ನವರು ಒಂದು ತಿಂಗಳು ನನ್ನ ಜೊತೆ ಟೀ ಕುಡಿಯಲಿಲ್ಲ.

2021ರಲ್ಲಿ ಒಂದು ಬೆಳಗ್ಗೆ ಎರಡನೇ ವರ್ಷದ ಹುಡುಗಿಯೊಬ್ಬಳು ವಾಟ್ಸ್ಆ್ಯಪ್‌ನಲ್ಲಿ ಸ್ಕ್ರೀನ್‌ಶಾಟ್ ಕಳಿಸಿದಳು. "ಸರ್, ನಮ್ಮ ಕಾಲೇಜು ಜಪಾನಿಗೆ ಹೋಯ್ತಾ?" ಗೂಗಲ್‌ನಲ್ಲಿ ನಮ್ಮ ಹೆಸರಿನ ಕೆಳಗೆ ಸಾಲು ಸಾಲು ಜಪಾನಿ ಅಕ್ಷರ, ವಾಚು, ಶೂಗಳ ಜಾಹೀರಾತು. ನಾನು ಸೈಟ್ ತೆರೆದರೆ ಎಲ್ಲ ಸರಿಯಾಗೇ ಇತ್ತು. ಮೋಸ ಇರುವುದೇ ಅಲ್ಲಿ. ಗೂಗಲ್‌ನ ಯಂತ್ರ ಬಂದಾಗ ಒಂದು ಪುಟ, ನಾವು ಹೋದಾಗ ಇನ್ನೊಂದು. ಗೂಗಲ್ ನಮ್ಮ ಸೈಟನ್ನು ಹೇಗೆ ನೋಡುತ್ತದೆ ಅಂತ ತೋರಿಸುವ ಸರ್ಚ್ ಕನ್ಸೋಲ್ ತೆರೆದೆ. ಸೈಟಿನ ಮಾಲೀಕರ ಪಟ್ಟಿಯಲ್ಲಿ ನನ್ನ ಹೆಸರಿನ ಕೆಳಗೆ ಗುರುತೇ ಇಲ್ಲದ ಒಂದು ಜಿಮೇಲ್. ಕಳ್ಳ ಮನೆಗೆ ನುಗ್ಗಿದ್ದಷ್ಟೇ ಅಲ್ಲ, ರೇಷನ್ ಕಾರ್ಡಿಗೂ ಹೆಸರು ಸೇರಿಸಿಕೊಂಡಿದ್ದ.

ಅವನು ಬಂದ ಕಿಂಡಿ, ವರ್ಡ್‌ಪ್ರೆಸ್ ಎಂಬ ತಂತ್ರಾಂಶದಲ್ಲಿ ಕಟ್ಟಿದ 2017ರ ಸಮ್ಮೇಳನದ ಸೈಟ್. ಸಮ್ಮೇಳನ ಮುಗಿದ ದಿನದಿಂದ ಅದನ್ನು ಯಾರೂ ಅಪ್‌ಡೇಟ್ ಮಾಡಿರಲಿಲ್ಲ. ಚಿತ್ರ ತಿರುಗಿಸಲು ಅದಕ್ಕೆ ಸೇರಿಸಿದ್ದ ಸ್ಲೈಡರ್ ಪ್ಲಗಿನ್ ಓಬೀರಾಯನ ಕಾಲದ್ದು. ನನ್ನ ಶೀಟಿನಲ್ಲಿ ಅದರ ಮುಂದೆ 'ಯಾರದು?' ಕಾಲಂ ಇನ್ನೂ ಖಾಲಿ ಇತ್ತು, ನನ್ನದೇ ಸೋಮಾರಿತನ. ನಾಲ್ಕು ದಿನ ಹಿಡಿಯಿತು ತೊಳೆಯಲು. ಹಳೆಯ ಸಮ್ಮೇಳನಗಳನ್ನೆಲ್ಲ ಬರೀ ಎಚ್‌ಟಿಎಂಎಲ್ ಪುಟ ಮಾಡಿಟ್ಟೆ. ಲಾಗಿನ್ ಇಲ್ಲ, ಡೇಟಾಬೇಸ್ ಇಲ್ಲ, ನುಗ್ಗಲು ಬಾಗಿಲೇ ಇಲ್ಲ. ಪ್ರಬಂಧ ಓದಿದವರಿಗೆ ತಮ್ಮ ಹೆಸರು ಅಲ್ಲಿ ಕಂಡರೆ ಸಾಕು.

ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್‌ನವರು ಕಲಿಸಿದ ಪಾಠ ಇನ್ನೊಂದು. ಸ್ವಯಂ ಅಧ್ಯಯನ ವರದಿಯಲ್ಲಿ ಅಂಶಗಳಿಗೆ ದಾಖಲೆಯ ಲಿಂಕ್ ಕೊಡಬೇಕಿತ್ತು, ಆ ದಾಖಲೆಗಳು ಕಾಲೇಜಿನ ಸೈಟಿನಲ್ಲಿರುತ್ತಿದ್ದವು. 2022ರಲ್ಲಿ ವರದಿ ಹೋಯಿತು. ಅದಾದ ಎರಡು ವಾರಕ್ಕೆ ನಾನು ಪುಟಗಳ ವಿಳಾಸ ಚೆಂದ ಕಾಣಲಿ ಅಂತ ಸುಮ್ನೆ ಬದಲಾಯಿಸಿದೆ. ಮಾಹಿತಿ ಪರಿಶೀಲನೆಯವರಿಂದ ಪ್ರಶ್ನೆ ಬಂತು, ಲಿಂಕ್ ತೆರೆಯುತ್ತಿಲ್ಲ ಅಂತ. ಒಂದಲ್ಲ, ಎರಡಲ್ಲ. ಕಾಲೇಜಿನ ಗುಣಮಟ್ಟ ನೋಡಿಕೊಳ್ಳುವ ಐಕ್ಯೂಎಸಿ ಘಟಕದ ಮೇಡಂ ಏನೂ ಬೈಯಲಿಲ್ಲ, ನನ್ನ ಕ್ಯಾಬಿನ್‌ನಲ್ಲಿ ಬಂದು ಕುರ್ಚಿ ಎಳೆದುಕೊಂಡು ಕೂತರು. ಅದು ಬೈಗುಳಕ್ಕಿಂತ ಕಷ್ಟ. ರಾತ್ರಿ ಹನ್ನೊಂದರವರೆಗೆ ಇಬ್ಬರೂ ಕೂತು ಹಳೆಯ ವಿಳಾಸದಿಂದ ಹೊಸದಕ್ಕೆ 301 ಹಾಕಿದೆವು. ಅಂದರೆ 'ಮನೆ ಬದಲಾಯಿಸಿದ್ದೇವೆ, ಇಲ್ಲಿಗೆ ಬನ್ನಿ' ಅಂತ ಹಳೆ ಬಾಗಿಲಿಗೆ ಚೀಟಿ ಅಂಟಿಸುವುದು.

ಅದಕ್ಕೇ ಮುಖ್ಯ ಸೈಟ್ ನಡೆಯುತ್ತಿದ್ದ ಡ್ರೂಪಾಲ್ 7 ತಂತ್ರಾಂಶ ಬಿಡುವಾಗ ಹುಷಾರಾದೆ. ಅದಕ್ಕೆ ಬೆಂಬಲ ನಿಲ್ಲುವ ದಿನ ಮೊದಲು 2021ರ ನವೆಂಬರ್ ಅಂತಿತ್ತು. ಅವರು ಮುಂದೂಡುತ್ತಾ ಹೋದರು, ನಾವೂ ಮುಂದೂಡುತ್ತಾ ಹೋದೆವು. "ಮತ್ತೆ ಮುಂದಕ್ಕೆ ಹಾಕ್ತಾರೆ ಬಿಡಿ" ಅನ್ನುವುದು ಬಜೆಟ್ ಮೀಟಿಂಗ್‌ನ ಕಾಯಂ ಮಾತು. 2025ರ ಜನವರಿ 5ಕ್ಕೆ ನಿಜವಾಗಿ ನಿಂತಿತು. ನಾವು ಹಿಂದಿನ ದಸರಾ ರಜೆಯಲ್ಲೇ ವರ್ಡ್‌ಪ್ರೆಸ್‌ಗೆ ಬಂದಿದ್ದೆವು. ಹೊಸ ಸೈಟಿನ ಬಣ್ಣ ಯಾವುದು ಅಂತ ನೋಡುವ ಮೊದಲು 301ರ ಪಟ್ಟಿ ತಯಾರಿತ್ತು.

ಕನ್ನಡದ ಪುಟ ಬೇಕು ಅಂತ ಹಟ ಹಿಡಿದವನು ನಾನೇ. ಹಿರೇಕೆರೂರಿನ ಆ ಪ್ರಿಂಟ್ ತಲೆಯಲ್ಲಿತ್ತು. ಎಂಬಿಎ ಓದುವವರಿಗೆ ಇಂಗ್ಲಿಷ್ ಬರುತ್ತದೆ ಅಲ್ವಾ ಅಂತ ಕೇಳಿದರು. ದುಡ್ಡು ಕಟ್ಟುವವರಿಗೆ ಬರಬೇಕಲ್ಲ? ಆಫೀಸಿನ ಸೂಪರಿಂಟೆಂಡೆಂಟ್ 'ನುಡಿ' ತಂತ್ರಾಂಶದಲ್ಲಿ ಚೆನ್ನಾಗಿ ಟೈಪ್ ಮಾಡಿ ಕೊಟ್ಟರು. ಪುಟಕ್ಕೆ ಅಂಟಿಸಿದರೆ 'ಕ' ಇದ್ದ ಕಡೆ ಇಂಗ್ಲಿಷಿನ ಪಿ, ಅದರ ಪಕ್ಕ ತಲೆ ಮೇಲೆ ಗೀಟು ಹಾಕಿದ ಎ. ಹಳೆಯ ಫಾಂಟಿನ ಸಂಕೇತ ಅದು, ಎಲ್ಲ ಕಡೆ ಒಂದೇ ರೀತಿ ಕಾಣುವ ಯುನಿಕೋಡ್ ಅಲ್ಲ. ಪರಿವರ್ತಕಕ್ಕೆ ಹಾಕಿದೆವು, ಒತ್ತಕ್ಷರ ಮತ್ತು ಅರ್ಕಾವೊತ್ತು ಅಲ್ಲಲ್ಲಿ ಕೆಟ್ಟವು, ಕೂತು ತಿದ್ದಿದೆವು. ಫೀಸು, ಹಾಸ್ಟೆಲ್, ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಸೀಟಿಗೂ ಮ್ಯಾನೇಜ್‌ಮೆಂಟ್ ಸೀಟಿಗೂ ಏನು ವ್ಯತ್ಯಾಸ, ಬ್ಯಾಂಕ್ ಸಾಲಕ್ಕೆ ಯಾವ ಪತ್ರ ಕೊಡುತ್ತೇವೆ. ಬರೀ ನಾಲ್ಕು ಪುಟ. ಮೇ, ಜೂನ್‌ನಲ್ಲಿ ಅವಕ್ಕೆ ಬರುವ ಜನ ಡೈರೆಕ್ಟರ್ ಸಂದೇಶಕ್ಕೆ ಬರುವವರಿಗಿಂತ ಜಾಸ್ತಿ. ಇದನ್ನು ಡೈರೆಕ್ಟರ್‌ಗೆ ಇನ್ನೂ ಹೇಳಿಲ್ಲ.

ಕಣ್ಣು ಕಾಣದ ವಿದ್ಯಾರ್ಥಿಯೊಬ್ಬ ಪರದೆಯ ಮೇಲಿನದನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶ ಹಾಕಿಕೊಂಡು ನಮ್ಮ ಟೈಮ್‌ಟೇಬಲ್ ತೆರೆದದ್ದನ್ನು ಪಕ್ಕದಲ್ಲಿ ಕೂತು ಕೇಳಿದೆ. ಕಂಪ್ಯೂಟರ್ 'ಗ್ರಾಫಿಕ್' ಅಂದಿತು, ಸುಮ್ಮನಾಯಿತು. ಸ್ಕ್ಯಾನ್ ಮಾಡಿದ ಚಿತ್ರಕ್ಕೆ ಅದು ಇನ್ನೇನು ಓದುತ್ತದೆ? ಅವನು ನಕ್ಕು, "ಪ್ರತಿ ವಾರ ಫ್ರೆಂಡ್ ಓದಿ ಹೇಳ್ತಾನೆ ಸರ್" ಅಂದ. ಮಾರನೆಯ ದಿನದಿಂದ ಟೈಮ್‌ಟೇಬಲ್ ಟೇಬಲ್ ಆಗಿಯೇ ಹೋಗುತ್ತಿದೆ. ಸುತ್ತೋಲೆಗಳು ಮಾತ್ರ ಇನ್ನೂ ಅರ್ಧಕ್ಕರ್ಧ ಸ್ಕ್ಯಾನ್. ಸಹಿ, ಸೀಲು ಕಾಣದಿದ್ದರೆ ಸುತ್ತೋಲೆ ಅಂತ ನಂಬದವರು ನಮ್ಮಲ್ಲಿ ಬಹಳ.

ಈಗ ಪ್ರತಿ ಪುಟದ ಕೆಳಗೂ ದಿನಾಂಕ ಇದೆ. ಆರು ತಿಂಗಳು ಯಾರೂ ಮುಟ್ಟದಿದ್ದರೆ ನನ್ನ ಶೀಟಿನಲ್ಲಿ ಸಾಲು ಕೆಂಪಾಗುತ್ತದೆ, ಪುಟದವರಿಗೆ ಮೇಲ್ ಹೋಗುತ್ತದೆ. 'ಬದಲಾವಣೆ ಇಲ್ಲ' ಅಂತ ಎರಡು ಪದ ಬರೆದರೂ ಸಾಕು. ಕೆಲವರು ಮೇಲ್ ಓದದೆಯೇ ಅದನ್ನು ಬರೆದು ಕಳಿಸುತ್ತಾರೆ ಅಂತ ನನಗೆ ಗೊತ್ತು. ಹೋದ ತಿಂಗಳು ಹಾಸ್ಟೆಲ್ ಪುಟಕ್ಕೆ ಹಾಗೇ ಬಂತು. ಪುಟದಲ್ಲಿದ್ದ ವಾರ್ಡನ್ ಕೆಲಸ ಬಿಟ್ಟು ವರ್ಷವಾಗಿತ್ತು. ಉತ್ತರ ಬರೆದದ್ದು ಹೊಸ ವಾರ್ಡನ್!