ಗಳಿಸಿದವರಿಗೆ ಎಡ ಎದೆ, ಮನೆಯವರಿಗೆ ಬಲ ಎದೆ: ಸೇನಾ ಪದಕ ಧರಿಸುವ ಕ್ರಮ

ಜುಲೈ 26ರ ಕಾರ್ಗಿಲ್ ವಿಜಯ ದಿವಸ, ಡಿಸೆಂಬರ್ 16ರ ವಿಜಯ ದಿವಸ, ಜನವರಿ 14ರ ಮಾಜಿ ಸೈನಿಕರ ದಿನ. ಇವುಗಳ ಹಿಂದಿನ ಸಂಜೆ ಎಷ್ಟೋ ಮನೆಗಳಲ್ಲಿ ಹಳೆಯ ಟ್ರಂಕು ತೆರೆಯುತ್ತದೆ. ತೀರಿಹೋದ ಅಪ್ಪನ ಪದಕಗಳನ್ನು ಮಗಳು ಹಾಕಿಕೊಳ್ಳಬಹುದೇ? ಹಾಕಿಕೊಂಡರೆ ಯಾವ ಕಡೆ, ಯಾವುದರ ಪಕ್ಕ ಯಾವುದು? ರಿಬ್ಬನ್ ಹರಿದಿದ್ದರೆ ಏನು ಮಾಡುವುದು? ಎಲ್ಲಕ್ಕೂ ಉತ್ತರವಿದೆ. ಆದರೆ ಹಿಂದಿನ ರಾತ್ರಿ ಹುಡುಕಿದರೆ ಸಾಲದು, ಎರಡು ವಾರ ಮೊದಲೇ ಕೆಲಸ ಶುರುಮಾಡಿ.

ಮೊದಲನೆಯ ಮಾತು ಎದೆಯ ಬದಿಯದು. ಎಡ ಎದೆ ಪದಕ ಗಳಿಸಿದವರದು, ಅವರೊಬ್ಬರದೇ. ತೀರಿಹೋದವರ ಪದಕವನ್ನು ಮನೆಯವರು ಧರಿಸುವುದಾದರೆ ಬಲ ಎದೆಯ ಮೇಲೆ. ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ ಈ ರೂಢಿ ಹಳೆಯದು. ನಮ್ಮ ಭೂಸೇನೆ 2018ರಲ್ಲಿ ತೀರಿಹೋದ ಸೈನಿಕರ ಹತ್ತಿರದ ಬಂಧುಗಳಿಗೆ ಇದಕ್ಕೆ ಅವಕಾಶ ಕೊಟ್ಟಿತು. ಯುದ್ಧ ಸ್ಮಾರಕದಲ್ಲಿ ನಮನ ಸಲ್ಲಿಸುವಾಗ, ಸೈನಿಕರ ಸಮಾಧಿಯ ಬಳಿ, ಅಂತ್ಯಸಂಸ್ಕಾರದಲ್ಲಿ ಬಲ ಎದೆಯ ಮೇಲೆ ಧರಿಸಬಹುದು. ಮದುವೆ ಮನೆಗೆ, ಸನ್ಮಾನಕ್ಕೆ, ಚುನಾವಣಾ ಸಭೆಗೆ ಈ ಅವಕಾಶ ಇಲ್ಲ.

ಬಲ ಎಂದರೆ ಧರಿಸಿದವರ ಬಲ. ಕನ್ನಡಿ ನೋಡಿ ಚುಚ್ಚಿಕೊಳ್ಳುವಾಗ ಬಹಳ ಜನ ಎಡವುವುದು ಇಲ್ಲೇ. ಊಟ ಮಾಡುವ ಕೈಯ ಕಡೆ ಎಂದು ನೆನಪಿಟ್ಟರೆ ತಪ್ಪುವುದಿಲ್ಲ.

ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯ 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರಗೋಧಾ ವಾಯುನೆಲೆಯ ಮೇಲಿನ ದಾಳಿಯಲ್ಲಿ ಪ್ರಾಣ ಕೊಟ್ಟರು. ಮರಣೋತ್ತರ ಮಹಾ ವೀರ ಚಕ್ರ ಬಂದದ್ದು 1988ರಲ್ಲಿ. ಮರಣೋತ್ತರ ಪದಕ ಗಳಿಸಿದವರ ಎದೆಯನ್ನು ಎಂದೂ ಮುಟ್ಟುವುದಿಲ್ಲ. ಅಂಥ ಪದಕ ಪೆಟ್ಟಿಗೆಯಿಂದ ಆಚೆ ಬಂದು ಸ್ಮಾರಕದ ಮುಂದೆ ನಿಲ್ಲಬೇಕಾದರೆ ಮನೆಯವರ ಬಲ ಎದೆಯೊಂದೇ ದಾರಿ. ಆದ್ದರಿಂದ ಇದನ್ನು ಸರಿಯಾಗಿ ಮಾಡಬೇಕು.

ಸಾಲು ಕಟ್ಟುವ ಮೊದಲು

ಪದಕಗಳನ್ನು ಹರಡಿ, ಪ್ರತಿಯೊಂದರ ಅಂಚನ್ನು ಬೆಳಕಿಗೆ ಹಿಡಿದು ಓದಿ. ಭಾರತೀಯ ಪದಕಗಳ ಅಂಚಿನಲ್ಲಿ ಸಾಮಾನ್ಯವಾಗಿ ಸೈನಿಕರ ನಂಬರು, ದರ್ಜೆ, ಹೆಸರು ಕೊರೆದಿರುತ್ತದೆ. ಹೆಸರು ಬೇರೆಯದಾಗಿದ್ದರೆ ಅದು ಗೆಳೆಯನದೋ, ಪೇಟೆಯಲ್ಲಿ ಕೊಂಡದ್ದೋ ಇರಬಹುದು. ಅದನ್ನು ಸಾಲಿಗೆ ಸೇರಿಸಬೇಡಿ. ಸೇವೆಯಿಂದ ಬಿಡುಗಡೆಯಾದಾಗ ಕೊಡುವ ಡಿಸ್ಚಾರ್ಜ್ ಬುಕ್ ಇದ್ದರೆ ಅದರಲ್ಲಿರುವ ಪದಕಗಳ ಪಟ್ಟಿಯೊಂದಿಗೆ ತಾಳೆ ನೋಡಿ.

ಜೋಡಿಸುವುದು ಸಿಕ್ಕ ವರ್ಷದ ಪ್ರಕಾರ ಅಲ್ಲ, ಸರ್ಕಾರ ಗೊತ್ತುಮಾಡಿದ ಹಿರಿತನದ ಪ್ರಕಾರ. ಶೌರ್ಯ ಪದಕಗಳಲ್ಲಿ ಪರಮ ವೀರ ಚಕ್ರ, ಅಶೋಕ ಚಕ್ರ, ಮಹಾ ವೀರ ಚಕ್ರ, ಕೀರ್ತಿ ಚಕ್ರ, ವೀರ ಚಕ್ರ, ಶೌರ್ಯ ಚಕ್ರ, ಆಮೇಲೆ ಸೇನಾ ಮೆಡಲ್. ವಿಶಿಷ್ಟ ಸೇವೆಯ ಪದಕಗಳು ಇವುಗಳ ನಡುವೆ ಅಲ್ಲಲ್ಲಿ ಬರುತ್ತವೆ. ಉದಾಹರಣೆಗೆ ಪರಮ ವಿಶಿಷ್ಟ ಸೇವಾ ಮೆಡಲ್‌ನ ಜಾಗ ಮಹಾ ವೀರ ಚಕ್ರಕ್ಕಿಂತ ಮೊದಲು. ಇವೆಲ್ಲ ಮುಗಿದ ಮೇಲೆ ಯುದ್ಧ ಮತ್ತು ಕಾರ್ಯಾಚರಣೆಯ ಪದಕಗಳು, ಕೊನೆಗೆ ಸ್ವಾತಂತ್ರ್ಯೋತ್ಸವದ ಹಾಗೂ ದೀರ್ಘ ಸೇವೆಯ ಪದಕಗಳು.

ಹೆಚ್ಚಿನ ಮನೆಗಳ ಟ್ರಂಕಿನಲ್ಲಿರುವುದು ಶೌರ್ಯ ಪದಕಗಳಲ್ಲ, ಸೇವಾ ಪದಕಗಳು. 1965 ಮತ್ತು 1971 ಎರಡೂ ಯುದ್ಧ ಕಂಡ ಹವಾಲ್ದಾರರೊಬ್ಬರ ಸಾಲು ಹೀಗಿರುತ್ತದೆ: ಸಮರ ಸೇವಾ ಸ್ಟಾರ್ 1965, ಪಶ್ಚಿಮೀ ಸ್ಟಾರ್, ರಕ್ಷಾ ಮೆಡಲ್ 1965, ಸಂಗ್ರಾಮ್ ಮೆಡಲ್, ಸೈನ್ಯ ಸೇವಾ ಮೆಡಲ್, 25ನೇ ಸ್ವಾತಂತ್ರ್ಯೋತ್ಸವದ ಮೆಡಲ್, 20 ವರ್ಷದ ಸೇವೆಯದು, 9 ವರ್ಷದ್ದು. 1965ರ ರಕ್ಷಾ ಮೆಡಲ್‌ಗಿಂತ 1971ರ ಪಶ್ಚಿಮೀ ಸ್ಟಾರ್ ಮುಂದಿದೆ ನೋಡಿ. ಇಸವಿ ಪ್ರಕಾರ ಜೋಡಿಸಿದವರು ತಪ್ಪುವುದು ಇಲ್ಲೇ.

ಅತಿ ಹಿರಿಯ ಪದಕ ಧರಿಸಿದವರ ಬಲತುದಿಗೆ, ಅಂದರೆ ಎಡ ಎದೆಯಲ್ಲಿ ಗುಂಡಿ ಸಾಲಿನ ಹತ್ತಿರ ಇರಬೇಕು. ಅದೇ ಬಾರನ್ನು, ಅಂದರೆ ಪದಕಗಳನ್ನು ಸಾಲಾಗಿ ತೂಗುಹಾಕಿದ ಪಟ್ಟಿಯನ್ನು, ಮಗ ಬಲ ಎದೆಗೆ ಹಾಕಿದಾಗ ಹಿರಿಯ ಪದಕ ತೋಳಿನ ಕಡೆ ಹೋಗುತ್ತದೆ. ತಪ್ಪಾಯಿತೆಂದು ಬಿಚ್ಚಿ ತಿರುವಿ ಜೋಡಿಸಬೇಡಿ. ಪದಕ ಗಳಿಸಿದವರು ಧರಿಸುತ್ತಿದ್ದ ಕ್ರಮ ಹಾಗೇ ಉಳಿಯಬೇಕು, ಬದಲಾಗುವುದು ಎದೆಯ ಬದಿ ಮಾತ್ರ.

ರಿಬ್ಬನ್ ಮತ್ತು ಬಾರ್

ರಿಬ್ಬನ್ನಿನ ಅಗಲ 32 ಮಿ.ಮೀ. ಪರಮ ವೀರ ಚಕ್ರದ್ದು ಅಚ್ಚ ನೇರಳೆ, ಅದನ್ನು ಹೇಗೆ ಹಾಕಿದರೂ ತಿರುವುಮುರುವಾಗದು. ಮಹಾ ವೀರ ಚಕ್ರದ್ದು ಅರ್ಧ ಬಿಳಿ, ಅರ್ಧ ಕೇಸರಿ. ಕೇಸರಿ ಎಡ ಭುಜದ ಕಡೆ ಬರಬೇಕು. ಹೀಗೆ ಎರಡು ಬದಿ ಬೇರೆ ಬಣ್ಣವಿರುವ ರಿಬ್ಬನ್ ಹೊಲಿಯುವ ಮುನ್ನ ಹಳೆಯದರ ಫೋಟೊ ತೆಗೆದಿಟ್ಟುಕೊಳ್ಳಿ. ಟೈಲರ್ ಕೈಗೆ ಬರೀ ತುಂಡು ರಿಬ್ಬನ್ ಕೊಟ್ಟರೆ ಅರ್ಧಕ್ಕರ್ಧ ಸಲ ತಿರುಗಿಯೇ ಬರುತ್ತದೆ.

ಪದಕವೊಂದಕ್ಕೆ ಸುಮಾರು 15 ಸೆಂ.ಮೀ. ರಿಬ್ಬನ್ ಬೇಕು. ತುದಿಯನ್ನು ಅರ್ಧ ಸೆಂಟಿಮೀಟರ್ ಮಡಿಚಿ ಹೊಲಿಯಿರಿ. ಅಂಟು ಹಾಕಬೇಡಿ, ಕಲೆ ಹೊರಗೆ ಮೂಡುತ್ತದೆ. ಬಾರ್‌ಗೆ ಹಿಂದೆ ಎರಡು ಪಿನ್ ಇರಲಿ. ಒಂದೇ ಪಿನ್ ಇದ್ದರೆ ಭಾರಕ್ಕೆ ತಿರುಗಿ ಸಾಲು ಓರೆಯಾಗುತ್ತದೆ.

ಇನ್ನು ಲೆಕ್ಕ. ಐದು ಪದಕಗಳನ್ನು ಪಕ್ಕಪಕ್ಕ ಇಟ್ಟರೆ 160 ಮಿ.ಮೀ., ಎದೆಯ ಮೇಲೆ ಸರಿಯಾಗಿ ಕೂರುತ್ತದೆ. ಎಂಟಾದರೆ 256, ತೋಳಿನಡಿಗೆ ಹೋಗುತ್ತದೆ. ಆಗ ಒಂದರ ಮೇಲೊಂದು ಸರಿಸಬೇಕು. ಹಿರಿಯದು ಪೂರ್ತಿ ಕಾಣಲಿ, ಉಳಿದ ಏಳೂ ಒಂದರ ಹಿಂದೊಂದು ಸರಿದು ತಲಾ 18 ಮಿ.ಮೀ. ಕಾಣಲಿ. ಒಟ್ಟು 158 ಆಯಿತು. ಪದಕಗಳ ಕೆಳ ಅಂಚು ಒಂದೇ ಗೆರೆಯಲ್ಲಿರಬೇಕು. ಸ್ಟಾರ್‌ಗಳ ಉದ್ದ ದುಂಡು ಪದಕದಷ್ಟೇ ಇರುವುದಿಲ್ಲ, ಆದ್ದರಿಂದ ಅತಿ ಉದ್ದದ್ದನ್ನು ಮೊದಲು ತೂಗುಹಾಕಿ ಉಳಿದವುಗಳ ರಿಬ್ಬನ್ ಅದಕ್ಕೆ ಹೊಂದಿಸಿ.

ದುಂಡು ಪದಕದ ಅಡ್ಡಳತೆ ಸಾಮಾನ್ಯವಾಗಿ 35 ಮಿ.ಮೀ. ಇರುತ್ತದೆ, ರಿಬ್ಬನ್ನಿಗಿಂತ ಮೂರು ಮಿ.ಮೀ. ಹೆಚ್ಚು. ಹಾಗಾಗಿ ನಡೆಯುವಾಗ ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತವೆ. ಕೇಳಲು ಚೆಂದ, ಆದರೆ ಸವೆಯುವುದು ಅಂಚು, ಹೆಸರು ಇರುವುದೂ ಅಂಚಿನಲ್ಲೇ. ವರ್ಷಕ್ಕೆ ಮೂರು ನಾಲ್ಕು ಸಲ ಧರಿಸುವ ಮನೆಯವರು ಬಟ್ಟೆ ಹೊದಿಸಿದ ಗಟ್ಟಿ ಹಲಗೆಯ ಮೇಲೆ ಪದಕಗಳನ್ನು ಅಲುಗಾಡದಂತೆ ಹೊಲಿಸುವುದು ಒಳ್ಳೆಯದು.

ಬಟ್ಟೆಯ ಮೇಲೆ

ಎಂಟು ಪದಕದ ಬಾರ್ ಕಾಲು ಕಿಲೋ ಹತ್ತಿರ ತೂಗಬಹುದು. ತೆಳು ಶರ್ಟು ಅದನ್ನು ತಡೆಯದು. ಬ್ಲೇಜರ್, ಬಂದ್‌ಗಲಾ ಸರಿ. ಒಳಗಡೆಯಿಂದ ಅಂಗೈಯಗಲ ದಪ್ಪ ಬಟ್ಟೆಯ ತುಂಡು ಇಟ್ಟು ಅದಕ್ಕೂ ಸೇರಿಸಿ ಪಿನ್ ಚುಚ್ಚಿ. ಸೀರೆಯ ಮೇಲೆ ಧರಿಸುವವರು ಬರೀ ಸೆರಗಿಗೆ ಚುಚ್ಚಬಾರದು, ಸೆರಗು ಜಾರಿದರೆ ಪದಕವೂ ಜಾರುತ್ತದೆ. ರವಿಕೆ ಮತ್ತು ಸೆರಗು ಎರಡನ್ನೂ ಹಿಡಿದು ಚುಚ್ಚಿ. ಕೊಡವ ಉಡುಗೆಯಲ್ಲಿ ಸೆರಗು ಬಲ ಭುಜದ ಮೇಲೆಯೇ ಬಂದು ಸೇರುವುದರಿಂದ ಬಾರನ್ನು ಆ ಗಂಟಿನಿಂದ ನಾಲ್ಕು ಬೆರಳು ಕೆಳಗಿಡಿ. ರೇಷ್ಮೆಯಾದರೆ ಮೊದಲು ರವಿಕೆಗೆ ಅಸ್ತರು ಕೊಡಿಸಿ.

ತಾವೇ ಮಾಜಿ ಸೈನಿಕರಾಗಿದ್ದು ತಂದೆಯವರ ಪದಕವೂ ಇದ್ದರೆ, ತಮ್ಮದು ಎಡಕ್ಕೆ, ತಂದೆಯವರದು ಬಲಕ್ಕೆ. ಎರಡನ್ನೂ ಒಂದೇ ಬಾರ್‌ಗೆ ಸೇರಿಸುವಂತಿಲ್ಲ. ಸಮವಸ್ತ್ರದ ಮೇಲೆ ಸ್ವಂತದ್ದು ಮಾತ್ರ. ಅಣ್ಣತಮ್ಮಂದಿರು ಪದಕ ಹಂಚಿಕೊಂಡು ಒಬ್ಬೊಬ್ಬರು ಎರಡೆರಡು ಹಾಕಿಕೊಳ್ಳುವುದು ಬೇಡ. ಪೂರ್ತಿ ಸಾಲು ಒಬ್ಬರೇ ಧರಿಸಲಿ, ಬೇಕಾದರೆ ವರ್ಷಕ್ಕೊಬ್ಬರಂತೆ. ಪದಕದ ಜೊತೆ ಅಪ್ಪನ ಸೇನೆಯ ಟೋಪಿ, ಭುಜದ ಪಟ್ಟಿ ಹಾಕಬೇಡಿ. ಸೈನಿಕನೆಂದು ನಂಬಿಸುವ ಉದ್ದೇಶದಿಂದ ಸೈನಿಕನ ಉಡುಪು ಅಥವಾ ಗುರುತು ಧರಿಸುವುದು ಭಾರತೀಯ ನ್ಯಾಯ ಸಂಹಿತೆಯ 168ನೇ ಕಲಮಿನಡಿ ಅಪರಾಧ. ಮೂರು ತಿಂಗಳವರೆಗೆ ಸಜೆ, 2,000 ರೂಪಾಯಿವರೆಗೆ ದಂಡ, ಅಥವಾ ಎರಡೂ.

ಹುಣಸೆಹುಳಿ ದೂರವಿರಲಿ

ನಮ್ಮ ಮನೆಗಳಲ್ಲಿ ಪದಕಕ್ಕೆ ಅತಿ ದೊಡ್ಡ ಅಪಾಯ ಪ್ರೀತಿಯಿಂದಲೇ ಬರುತ್ತದೆ. ದೇವರ ಪಾತ್ರೆ ಬೆಳಗುವ ಹುಣಸೆಹುಳಿ, ಪಾತ್ರೆ ಪುಡಿ, ವಿಭೂತಿ, ಪಾಲಿಶ್ ಯಾವುದೂ ಬೇಡ. ಹುಳಿ ಕಂಚಿನ ಕಂದು ಮೈಯನ್ನು ತಿಂದು ತಾಮ್ರದ ಕೆಂಪು ಹೊರಗೆ ಹಾಕುತ್ತದೆ, ಪುಡಿ ಅಕ್ಷರ ಸವೆಸುತ್ತದೆ. ಒಣ ಮೆತ್ತನೆ ಹತ್ತಿಬಟ್ಟೆಯಿಂದ ಒರೆಸಿದರೆ ಸಾಕು. ರಿಬ್ಬನ್ ತೊಳೆಯಬೇಡಿ, ಬಣ್ಣ ಒಂದಕ್ಕೊಂದು ಹತ್ತುತ್ತದೆ. ಆಯುಧಪೂಜೆಯಲ್ಲಿ ಪದಕಕ್ಕೆ ಕುಂಕುಮ ಇಡುವ ಮನೆಗಳಿವೆ. ಇಡಲೇಬೇಕೆಂದರೆ ಪೆಟ್ಟಿಗೆಯ ಮುಚ್ಚಳಕ್ಕಿಡಿ.

ಮಲೆನಾಡು, ಕೊಡಗಿನ ಮಳೆಗಾಲದಲ್ಲಿ ರಿಬ್ಬನ್ನಿಗೆ ಬೂಸ್ಟು ಬರುತ್ತದೆ. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಟ್ಟರೆ ಇನ್ನೂ ಬೇಗ. ಬಿಳಿ ಹತ್ತಿಬಟ್ಟೆಯಲ್ಲಿ ಒಂದೊಂದನ್ನೇ ಸುತ್ತಿ, ಎರಡು ಪೊಟ್ಟಣ ಸಿಲಿಕಾ ಜೆಲ್ ಹಾಕಿ ಇಡಿ. ತಿಂಗಳಿಗೊಮ್ಮೆ ತೆರೆದು ನೆರಳಲ್ಲಿ ಗಾಳಿಯಾಡಿಸಿ.

ಪದಕ ಕಳೆದುಹೋದರೆ ಪೊಲೀಸ್ ದೂರಿನ ಪ್ರತಿಯೊಂದಿಗೆ ಆಯಾ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ ಬರೆಯಿರಿ. ಪತ್ರ ಬರೆಯಲು ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಯಲ್ಲಿ ನೆರವು ಕೇಳಬಹುದು. ಅಲ್ಲಿ ಮೊದಲು ಕೇಳುವುದು ಸೈನಿಕರ ನಂಬರು. ಆದ್ದರಿಂದ ಪದಕಗಳು ಕೈಯಲ್ಲಿರುವಾಗಲೇ ನಂಬರು, ದರ್ಜೆ, ಹೆಸರು, ರೆಜಿಮೆಂಟು, ಪದಕಗಳ ಸಾಲು ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಯಲ್ಲಿಡಿ, ಇನ್ನೊಂದು ಪ್ರತಿ ಮನೆಯ ಪತ್ರಗಳ ಜೊತೆ ಇರಲಿ.