ಟೂಲ್ ಉಳಿಸಲು ಹೋಗಿ ಟೂಲ್ ಕಳೆದುಕೊಂಡೆ

ಲೇತ್‌ನಲ್ಲಿ 304 ಸ್ಟೇನ್‌ಲೆಸ್ ಸ್ಟೀಲ್ ಶಾಫ್ಟ್ ತಿರುವುವಾಗ ನನ್ನ ಕಾರ್ಬೈಡ್ ಇನ್ಸರ್ಟ್ (ಟೂಲ್‌ನ ತುದಿಗೆ ಕೂರಿಸುವ, ಕತ್ತರಿಸುವ ಗಟ್ಟಿ ಬಿಲ್ಲೆ) ಆರೇಳು ಪೀಸ್‌ಗೇ ಕೈ ಕೊಡುತ್ತಿತ್ತು. ಟೂಲ್ ಉಳಿಯಲಿ ಅಂತ ಫೀಡ್ (ಶಾಫ್ಟ್ ಒಂದು ಸುತ್ತು ತಿರುಗುವಷ್ಟರಲ್ಲಿ ಟೂಲ್ ಮುಂದೆ ಸಾಗುವ ದೂರ) ಇಳಿಸಿದೆ. ಸುತ್ತಿಗೆ 0.15 ಮಿ.ಮೀ. ಇದ್ದದ್ದು 0.06ಕ್ಕೆ ಬಂತು. ಇನ್ನೂ ಬೇಗ ಹೋಯಿತು!

ಕೊನೆಗೆ ಭೂತಗನ್ನಡಿ ಹಿಡಿದು ಇನ್ಸರ್ಟ್ ನೋಡಿದೆ. ಇದನ್ನು ಮೊದಲೇ ಮಾಡಬೇಕಿತ್ತು, ಅಲ್ವಾ? ತುದಿ ಚೆನ್ನಾಗಿಯೇ ಇತ್ತು. ಕಟ್‌ನ ಆಳ ಮುಗಿಯುವ ಗೆರೆಯಲ್ಲಿ ಮಾತ್ರ ಒಂದು ಕಚ್ಚು ಬಿದ್ದಿತ್ತು. ಅಂದರೆ ನಾಚ್ ವೇರ್.

ಈ ಸ್ಟೀಲ್ ಕತ್ತರಿಸುತ್ತಿದ್ದ ಹಾಗೇ ಮೇಲ್ಮೈ ಗಟ್ಟಿಯಾಗುತ್ತದೆ. ಫೀಡ್ ತೀರಾ ಕಡಿಮೆಯಾದರೆ ಅಂಚು ಕತ್ತರಿಸುವ ಬದಲು ಸುಮ್ನೆ ಉಜ್ಜುತ್ತದೆ, ಪದರ ಇನ್ನೂ ಗಟ್ಟಿಯಾಗುತ್ತದೆ. ಮುಂದಿನ ಸುತ್ತಿನಲ್ಲಿ ಅದೇ ಪದರವನ್ನೇ ಕೊರೆಯಬೇಕು. ಜೊತೆಗೆ ಸ್ಟೇನ್‌ಲೆಸ್ ಶಾಖವನ್ನು ಸರಿಯಾಗಿ ಹರಿಯಲು ಬಿಡುವುದಿಲ್ಲ. ಸಾಮಾನ್ಯ ಉಕ್ಕಿನ ಮೂರನೇ ಒಂದು ಭಾಗದಷ್ಟೇ. ಬಿಸಿಯೆಲ್ಲ ಅಂಚಿನಲ್ಲೇ ನಿಲ್ಲುತ್ತದೆ.

ಫೀಡ್ 0.2ಕ್ಕೆ ಏರಿಸಿದೆ. ಕತ್ತರಿಸುವ ವೇಗವನ್ನು ನಿಮಿಷಕ್ಕೆ 180 ಮೀಟರ್‌ನಿಂದ 130ಕ್ಕೆ ತಂದೆ. ಪ್ರತಿ ಪಾಸ್‌ಗೂ (ಟೂಲ್ ಶಾಫ್ಟ್ ಉದ್ದಕ್ಕೆ ಒಮ್ಮೆ ಸಾಗುವುದಕ್ಕೂ) ಆಳ ಸ್ವಲ್ಪ ಬದಲಿಸಿದೆ, 2 ಮಿ.ಮೀ., ಆಮೇಲೆ 1.7, ಹೀಗೆ. ಆಗ ಕಚ್ಚು ಒಂದೇ ಜಾಗದಲ್ಲಿ ಬೀಳುವುದಿಲ್ಲ. ಇನ್ಸರ್ಟನ್ನೂ ಚೂಪು ಅಂಚಿನ, ಪಿವಿಡಿ ಲೇಪನದ್ದಕ್ಕೆ (ಆವಿಯಿಂದ ಕೂರಿಸಿದ ತೆಳು, ಗಟ್ಟಿ ಪದರ) ಬದಲಿಸಿದೆ. ಕೂಲಂಟ್ (ತಂಪು ಮಾಡುವ ದ್ರವ) ನಳಿಕೆ ಚಿಪ್ (ಕತ್ತರಿಸಿ ಬರುವ ಚೂರು) ಮೇಲೆ ಸುರಿಯುತ್ತಿತ್ತು, ಅಂಚಿಗೆ ತಿರುಗಿಸಿದೆ.

ಈಗ ಒಂದು ಅಂಚಿಗೆ 25 ಪೀಸ್ ಬರುತ್ತಿವೆ. ಇದರಲ್ಲಿ ಜಾಸ್ತಿ ಪಾಲು ಫೀಡ್‌ನದೇ ಅನ್ನಿಸುತ್ತದೆ. ಫಿನಿಶ್ ಮಾತ್ರ ಸ್ವಲ್ಪ ಒರಟಾಯಿತು, ಅದಕ್ಕೆ ಕೊನೆಯ ಪಾಸ್ ಬೇರೆ ಇನ್ಸರ್ಟ್‌ನಲ್ಲಿ ಹಾಕುತ್ತಿದ್ದೇನೆ.